ಮುಕ್ಕಾಲು ಮೂರು ವೀಸ ಅಂದ್ರೆ ಎಷ್ಟು? (ಮತ್ತೆ ಈ "ನೇ" ಬಗ್ಗೆನೂ ಒಂದು ಪ್ರಶ್ನೆ)

ಕೆರೆದಂಡೆ

ಎಲ್ರಿಗೂ ನಮಸ್ಕಾರ. ಹೋದ ವಾರ ಊರಿಗೆ ಹೋಗಿದ್ದೆ, ತಿಪಟೂರು ಹತ್ರ ನಮ್ಮೂರು. ಅಜ್ಜಿ ಹಪ್ಪಳ ಒತ್ತಿಸ್ತಾ ಕೂತಿದ್ರು, ಇನ್ನೂ ಎಷ್ಟಿದೆ ಅಜ್ಜಿ ಅಂತ ಕೇಳಿದ್ದಕ್ಕೆ "ಮುಕ್ಕಾಲು ಮೂರು ವೀಸ ಆಯ್ತು ಕಣೆ, ಇನ್ನೊಂದು ಚೂರು" ಅಂದ್ರು. ಮುಕ್ಕಾಲು ಗೊತ್ತು, ಮೂರು ಗೊತ್ತು, ಈ ವೀಸ ಯಾವುದು ಅಂತ ಕೇಳಿದ್ರೆ ಅಜ್ಜಿಗೂ ಬಿಡಿಸಿ ಹೇಳೋಕೆ ಬರಲಿಲ್ಲ, "ನಮ್ಮಪ್ಪ ಹಂಗೇ ಅಂತಿದ್ರು, ಬಹುಪಾಲು ಆಯ್ತು ಅಂತ ಅರ್ಥ" ಅಂದ್ರು ಅಷ್ಟೆ. ಅರ್ಥ ಆಯ್ತು ಆದ್ರೆ ಲೆಕ್ಕ ಗೊತ್ತಾಗಲಿಲ್ಲ.

ಇನ್ನೊಂದು, ಇದಕ್ಕೆ ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ, ತಮ್ಮನ ಮಗನಿಗೆ ಲೆಕ್ಕ ಹೇಳ್ಕೊಡ್ತಾ ಇದ್ದೆ, "ಐದನೇ ಒಂದು" ಅಂತ ಇದ್ದಿದ್ದನ್ನ ಅವನು 5.1 ಅಂತ ಬರೆದ. ಮಗುವಿನ ತಪ್ಪು ಅಂತ ನಂಗೆ ಅನ್ನಿಸಲಿಲ್ಲ, ಐದನೇ ಅಂದ್ರೆ ನಾಲ್ಕನೇದು ಆದ್ಮೇಲೆ ಬರೋದು ತಾನೆ, ಅದು ಪಾಲು ಹೇಗಾಯ್ತು? ತಿಳಿದವರು ಹೇಳಿ.

ಸುಣ್ಣಬಳಪ

ಮೂವತ್ತು ವರ್ಷ ಗಣಿತ ಪಾಠ ಮಾಡಿದೀನಿ ತಾಯಿ, ನಿಮ್ಮ ಪ್ರಶ್ನೆ ಓದಿ ಖುಷಿ ಆಯ್ತು. ವೀಸ ಅಂದ್ರೆ ಹದಿನಾರರಲ್ಲಿ ಒಂದು. ಮುಕ್ಕಾಲು ಅಂದ್ರೆ ಹದಿನಾರರಲ್ಲಿ ಹನ್ನೆರಡು. ಅದಕ್ಕೆ ಮೂರು ವೀಸ ಸೇರಿಸಿ, ಹದಿನೈದು. ಅಂದ್ರೆ 15/16. ಪೂರ್ತಿ ಆಗೋಕೆ ಒಂದೇ ಒಂದು ವೀಸ ಬಾಕಿ. ನಿಮ್ಮಜ್ಜಿ "ಬಹುಪಾಲು" ಅಂದಿದ್ದು ಅಂದಾಜಿನ ಮಾತಲ್ಲ, ಅವರ ತಂದೆ ಕಾಲದಲ್ಲಿ ಅದು ಪಕ್ಕಾ ಲೆಕ್ಕ. ಹಳೇ ಬರಹಗಳಲ್ಲಿ "ಮುಕ್ಕಾಲು ಮೂರು ವೀಸ ಪಾಲು ಜನ" ಅಂತ ಸಿಗುತ್ತೆ, ಹೆಚ್ಚುಕಮ್ಮಿ ಎಲ್ಲರೂ ಅಂತ.

ಈ ಹದಿನಾರು ಯಾಕೆ ಅಂತ ಯೋಚನೆ ಮಾಡಿ. ಒಂದು ಅಚ್ಚು ಬೆಲ್ಲ ತಗೊಳ್ಳಿ, ತಕ್ಕಡಿ ಇಲ್ಲ, ಅಳತೆ ಇಲ್ಲ, ಕೈಯಲ್ಲಿ ಒಂದು ಕತ್ತಿ ಮಾತ್ರ ಇದೆ. ಐದು ಸಮಪಾಲು ಮಾಡಿ ಅಂದ್ರೆ ನಮ್ಮ ಕೈಲಿ ಆಗಲ್ಲ, ಒಂದು ದೊಡ್ಡದು ಒಂದು ಚಿಕ್ಕದು ಆಗೇ ಆಗುತ್ತೆ. ಆದ್ರೆ ಎರಡು ಮಾಡಿ ಅಂದ್ರೆ ಮಗುವೂ ಮಾಡುತ್ತೆ. ಸರಿ ಎರಡು ಮಾಡಿದ್ರಿ, ಅದು ಅರೆ. ಅರೆಯನ್ನ ಎರಡು ಮಾಡಿದ್ರೆ ಕಾಲು. ಕಾಲನ್ನ ಎರಡು ಮಾಡಿದ್ರೆ ಅರೆಕಾಲು. ಅದನ್ನೂ ಎರಡು ಮಾಡಿದ್ರೆ ವೀಸ. ನಾಲ್ಕು ಸಲ ಕತ್ತಿ ಆಡಿಸಿದ್ರೆ ವೀಸಕ್ಕೆ ಬಂದು ನಿಲ್ತೀರಿ. ಅದಕ್ಕೇ ಈ ಪಾಲುಗಳಿಗೆಲ್ಲ ಸ್ವಂತ ಹೆಸರಿದೆ, ಒಂದೊಂದು ಪದದ ಹೆಸರು, ಯಾಕಂದ್ರೆ ದಿನಾ ಕೈಯಲ್ಲಿ ಆಡ್ತಿದ್ದ ಪಾಲುಗಳು ಅವು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬನ್ನಿ, ಸಂಬಂಧ ಖಂಡಿತ ಇದೆ. ಮೂರರಲ್ಲಿ ಒಂದಕ್ಕೆ ನಮ್ಮ ಮಾತಲ್ಲಿ ಕಾಲು ಥರ ಒಂದು ಹೆಸರಿದೆಯಾ? ಐದರಲ್ಲಿ ಒಂದಕ್ಕೆ? ಏಳರಲ್ಲಿ ಒಂದಕ್ಕೆ? ದಿನದ ಬಳಕೆಯಲ್ಲಿ ಇಲ್ಲ. ಅದಕ್ಕೇ ಅಲ್ಲಿ "ನೇ" ಕಡೆಯಿಂದ ಸಾಲ ತಂದು ಮೂರನೇ ಒಂದು, ಐದನೇ ಒಂದು ಅಂತೀವಿ. "ಐದನೆಯ ಒಂದು ಭಾಗ" ಅನ್ನೋದರ ಮೊಟಕು ರೂಪ ಅದು. ಅರ್ಧಕ್ಕೆ ಯಾರೂ "ಎರಡನೇ ಒಂದು" ಅನ್ನಲ್ಲ, ಹೆಸರಿರೋವಾಗ ಸಾಲ ಯಾಕೆ. ಮಕ್ಕಳಿಗೆ ನಾನು ಮೊದಲು ಒಂದು ವಾರ ಪೂರ್ತಿ "ಐದರಲ್ಲಿ ಒಂದು" ಅಂತಲೇ ಹೇಳಿಸ್ತಿದ್ದೆ, ಅದು ಬಾಯಿಗೆ ಕೂತ ಮೇಲೆ ಪುಸ್ತಕದ "ಐದನೇ ಒಂದು" ತೋರಿಸ್ತಿದ್ದೆ. ನಿಮ್ಮ ತಮ್ಮನ ಮಗನಿಗೂ ಹಾಗೇ ಮಾಡಿ ನೋಡಿ.

ಹುಬ್ಬಳ್ಳಿ ಹುಡುಗ

ಸರ್ ಭಾಳ ಚಲೋ ಹೇಳಿದ್ರಿ. ನಮ್ ಕಡೆ ಸಂತ್ಯಾಗ ಇವತ್ತಿಗೂ ಕಾಲು ಕಿಲೋಕ್ಕ ಪಾವ್ ಕಿಲೋ, ಒಂದೂಕಾಲಿಗೆ ಸವ್ವಾ ಕಿಲೋ, ಒಂದೂವರಿಗೆ ದೀಡ ಕಿಲೋ ಅಂತಾರ್ರಿ. ಒಂದೂವರೆ ಸಾವಿರಕ್ಕ ದೀಡ ಸಾವಿರ, ಎರಡೂವರಿಗೆ ಅಡೀಚ. ಮರಾಠಿಯಿಂದ ಬಂದದ್ದ ಖರೆ, ಆದ್ರ ನಮ್ಮವ್ವಗ ಅದ ಕನ್ನಡ. ಬೆಂಗಳೂರಿಗೆ ಬಂದ ಹೊಸದಾಗಿ ಅಂಗಡ್ಯಾಗ ಪಾವ್ ಕಿಲೋ ಮೆಣಸಿನಕಾಯಿ ಕೊಡ್ರಿ ಅಂದ್ರ ಅಂವಾ ಒಂದು ಪಾವೋ ಒಂದು ಕಿಲೋನೋ ಅಂತ ಕೇಳಿದ, ಇಲ್ಲಿ ಪಾವು ಅಂದ್ರ ಅಕ್ಕಿ ಅಳಿಯೂ ಅಳತಿ ಅಂತ ನನಗ ಆವಾಗ ಗೊತ್ತಾತು.

ಮತ್ತ ಸಾಲಿ ಹುಡುಗ್ರಿಗೆ ನಾವು "ಎಷ್ಟನೇತ್ತಾ?" ಅಂತ ಕೇಳ್ತೀವ್ರಿ. ನಾಕನೇತ್ತಾ, ಏಳನೇತ್ತಾ. ಇಯತ್ತಾ ಅಂದ್ರ ತರಗತಿ, ಅದು "ನೇ"ದಾಗ ಕೂಡಿಕೊಂಡು ಒಂದ ಶಬ್ದ ಆಗೇತಿ.

ಕೆರೆದಂಡೆ

ಮೇಷ್ಟ್ರೇ, ನಾಲ್ಕು ಸಲ ಕತ್ತಿ ಆಡಿಸೋದು ಓದಿ ಎದ್ದು ಹೋಗಿ ಒಂದು ಚಪಾತಿ ಮೇಲೆ ಮಾಡಿ ನೋಡಿದೆ, ಹದಿನಾರು ಚೂರು ಸರಿಯಾಗಿ ಬಂತು!! ತುಂಬಾ ಥ್ಯಾಂಕ್ಸ್. ಹಾಗಾದ್ರೆ ಕಾಲು ಅನ್ನೋದು ನಡೆಯೋ ಕಾಲೇನಾ?

ಸುಣ್ಣಬಳಪ

ಹೌದಮ್ಮ, ಹಾಗೇ ತಿಳೀತಾರೆ. ದನಕ್ಕೆ ನಾಲ್ಕು ಕಾಲು, ಮಂಚಕ್ಕೆ ನಾಲ್ಕು ಕಾಲು, ನಾಲ್ಕರಲ್ಲಿ ಒಂದು ಕಾಲು. ಸಂಸ್ಕೃತದಲ್ಲೂ ಇದೇ ನೋಡಿ, ಪಾದ ಅಂದ್ರೆ ಹೆಜ್ಜೆ ಇಡೋ ಪಾದನೂ ಹೌದು, ನಾಲ್ಕನೇ ಒಂದೂ ಹೌದು. ನಕ್ಷತ್ರಕ್ಕೆ ನಾಲ್ಕು ಪಾದ, 27 ನಕ್ಷತ್ರಕ್ಕೆ 108 ಪಾದ. ಪಂಚಾಂಗದಲ್ಲಿ "ರೋಹಿಣಿ ಎರಡನೇ ಪಾದ" ಅಂತಾರಲ್ಲ, ಅದರಲ್ಲಿ "ನೇ"ಯೂ ಇದೆ ಭಿನ್ನರಾಶಿಯೂ ಇದೆ. ಆ ಪಾದವೇ ಪ್ರಾಕೃತದ ಬಾಯಲ್ಲಿ ಸವೆದು ಪಾವು ಆಗಿದ್ದು. ಅಂದ್ರೆ ಮೈಸೂರಿನ ಪಾವು ಅಕ್ಕಿ, ಹುಬ್ಬಳ್ಳಿಯ ಪಾವ್ ಕಿಲೋ, ಎರಡೂ ಒಂದೇ ಮನೆ ಮಕ್ಕಳು, ಒಬ್ಬರು ಸೇರಿನ ಕಾಲು ಭಾಗ ಅಳೀತಾರೆ, ಒಬ್ಬರು ಕಿಲೋದ ಕಾಲು ಭಾಗ ತೂಗ್ತಾರೆ.

ಒಂದು ಎಚ್ಚರಿಕೆ, "ಅರೆಕಾಲಿಕ ಶಿಕ್ಷಕರು" ಅನ್ನೋದರಲ್ಲಿ ಇರೋದು ಕಾಲ, ಸಮಯ. ಅದು ಅರೆಕಾಲಲ್ಲ.

ಚಿನಿವಾರ

ನಮ್ಮದು ಚಿನ್ನದ ಕೆಲಸ, ತಲೆಮಾರಿನಿಂದ. ತೀರಾ ಚಿಕ್ಕ ಪಾಲು ಅಂತ ಬಂದಿದ್ದಕ್ಕೆ ಬರೀತಿದೀನಿ. ನಮ್ಮಪ್ಪನ ಹತ್ರ ಗುಲಗಂಜಿ ಬೀಜದ ಡಬ್ಬಿ ಇತ್ತು, ಕೆಂಪಗೆ, ತಲೆ ಮೇಲೆ ಒಂದು ಕಪ್ಪು ಚುಕ್ಕೆ. ಒಂದು ತೊಲಕ್ಕೆ 96 ಗುಲಗಂಜಿ. ತೊಲ ಅಂದ್ರೆ 11.66 ಗ್ರಾಂ, ಹಾಗಾಗಿ ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಅಪ್ಪ ಬೀಜ ಆರಿಸೋವಾಗ ಬೆರಳಲ್ಲಿ ಉರುಳಿಸಿ ನೋಡೋರು, ಹುಳ ಕೊರೆದಿದ್ದು ಹಗುರ ಇರುತ್ತೆ, ಎಳೆದಾಗಿ ಕಿತ್ತಿದ್ದು ಒಣಗಿ ಸುಕ್ಕು ಬರುತ್ತೆ, ಅಂಥವನ್ನ ತೆಗೆದು ಹಾಕೋರು. ಈಗ ಎಲೆಕ್ಟ್ರಾನಿಕ್ ತಕ್ಕಡಿ ಮೂರನೇ ದಶಮಾಂಶ ಸ್ಥಾನದವರೆಗೂ ತೋರಿಸುತ್ತೆ, ಮಿಲಿಗ್ರಾಂ ಲೆಕ್ಕ. ಅದು ಒಳ್ಳೇದೇ, ಗಿರಾಕಿಗೆ ಮೋಸ ಆಗಲ್ಲ. ಆದ್ರೆ ಮಿಲಿಗ್ರಾಂ ಅಂದ್ರೆ ಯಾರ ಕಣ್ಣಿಗೂ ಏನೂ ಬರಲ್ಲ, ಗುಲಗಂಜಿಯಷ್ಟು ಅಂದ್ರೆ ಎಲ್ಲರ ಕಣ್ಣಿಗೂ ಬರುತ್ತೆ. ಇನ್ನೊಂದು, ಈಗ ಕೆಲವು ಕಡೆ 10 ಗ್ರಾಮಿಗೇ ತೊಲ ಅಂತಾರೆ, ಹಳೇ ಒಡವೆ ಲೆಕ್ಕ ಮಾಡೋವಾಗ ಯಾವ ತೊಲ ಅಂತ ಕೇಳ್ಕೊಳ್ಳಿ, ಒಂದು ತೊಲಕ್ಕೆ ಒಂದೂಮುಕ್ಕಾಲು ಗ್ರಾಂ ಹತ್ತಿರ ವ್ಯತ್ಯಾಸ ಬರುತ್ತೆ.

ಸರ್ವೆ ನಂಬರ್ ೪೨

ಹದಿನಾರರ ಲೆಕ್ಕ ಸತ್ತಿಲ್ಲ ಸ್ವಾಮಿ, ಜಮೀನಿನಲ್ಲಿ ಜೀವಂತ ಇದೆ. 1 ಎಕರೆಗೆ 40 ಗುಂಟೆ, 1 ಗುಂಟೆಗೆ 16 ಆಣೆ. ಆಣೆ ಅಂದ್ರೆ ದುಡ್ಡಲ್ಲ ಇಲ್ಲಿ, ಗುಂಟೆಯ ವೀಸ. ಗುಂಟೆ 33 ಅಡಿಗೆ 33 ಅಡಿ ಅಂದ್ರೆ 1089 ಚದರಡಿ, ಅದರ ಒಂದಾಣೆ 68 ಚದರಡಿ, ಒಂದು ಸಣ್ಣ ಬಚ್ಚಲುಮನೆ ಕಟ್ಟಬಹುದು ಅಷ್ಟೆ. ಆದ್ರೆ ಅಣ್ಣತಮ್ಮಂದಿರು ಪಾಲಾಗೋವಾಗ ಆ 68 ಅಡಿಗೇ ಎಷ್ಟು ಜಗಳ ಆಗಿದೆ ಅಂತ ನೋಡಿದೀನಿ.

ನನಗೆ ಆದ ಒಂದು ಸಂಗತಿ ಹೇಳ್ತೀನಿ. ನಮ್ಮ ಪಹಣಿಯಲ್ಲಿ 2-12 ಅಂತ ಇದೆ, 2 ಎಕರೆ 12 ಗುಂಟೆ. ಒಂದು ಕಡೆ ಸಾಲದ ಅರ್ಜಿ ತುಂಬುವಾಗ ಅಲ್ಲಿ ಕೂತಿದ್ದ ಹುಡುಗ ಕಂಪ್ಯೂಟರ್‌ನಲ್ಲಿ 2.12 ಎಕರೆ ಅಂತ ಹೊಡೆದ. ನಾನೂ ಗಮನಿಸಲಿಲ್ಲ, ಸಹಿ ಹಾಕಿ ಬಂದೆ. 12 ಗುಂಟೆ ಅಂದ್ರೆ 40ರಲ್ಲಿ 12, ಅದು 0.30, ಸರಿಯಾಗಿ ಬರೀಬೇಕಾಗಿದ್ದು 2.30. ಒಂದು ಚುಕ್ಕೆಯಲ್ಲಿ 7 ಗುಂಟೆ ಚಿಲ್ಲರೆ ಕಾಗದದ ಮೇಲೆ ಮಾಯ ಆಯ್ತು, ಅದನ್ನ ತಿದ್ದಿಸೋಕೆ ನಾಲ್ಕು ತಿಂಗಳು ಓಡಾಡಿದೆ. ಆ ಹುಡುಗನ ಮೇಲೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳ್ಕೊಟ್ಟಿರಲಿಲ್ಲ. ದಯವಿಟ್ಟು ಎಲ್ರೂ ನಿಮ್ಮ ಕಾಗದ ತೆಗೆದು ನೋಡ್ಕೊಳ್ಳಿ, ಎರಡೂವರೆ ಎಕರೆ ಇದ್ರೆ ಪಹಣಿಯಲ್ಲಿ 2-20 ಅಂತಿರುತ್ತೆ, 2-50 ಅಂತ ಇರೋಕೆ ಸಾಧ್ಯನೇ ಇಲ್ಲ.

ಪಡುವಣ ಗಾಳಿ

ನಮ್ಮಲ್ಲಿ ದಕ್ಷಿಣ ಕನ್ನಡದಲ್ಲಿ ಗುಂಟೆ ಹೇಳುವುದು ಕಡಿಮೆ, ಸೆಂಟ್ಸ್ ಲೆಕ್ಕ. ಎಕ್ರೆಯ ನೂರರಲ್ಲಿ ಒಂದು. ಹಾಗಾಗಿ ನಮಗೆ ಚುಕ್ಕೆ ಹಾಕಿದರೂ ತಪ್ಪುವುದಿಲ್ಲ, 2 ಎಕ್ರೆ 12 ಸೆಂಟ್ಸ್ ಅಂದರೆ 2.12 ಸರಿಯೇ. ಘಟ್ಟದ ಮೇಲೆ ಜಾಗ ತೆಗೆದುಕೊಳ್ಳುವಾಗ ಮಾತ್ರ ತಲೆ ತಿರುಗುತ್ತದೆ, 1 ಗುಂಟೆ ಅಂದರೆ ಎರಡೂವರೆ ಸೆಂಟ್ಸ್ ಅಂತ ನೆನಪಿಟ್ಟುಕೊಂಡರೆ ಸಾಕು ಮಾರಾಯ್ರೆ.

ನನ್ನ ಪ್ರಶ್ನೆ ಬೇರೆ. ಮೊದಲನೇ ಅನ್ನುವುದು ಸರಿಯಾ ಒಂದನೇ ಅನ್ನುವುದು ಸರಿಯಾ? ಮೊದಲ ಅಂದ ಮೇಲೆ ಅದಕ್ಕೆ ಪುನಃ "ನೇ" ಯಾಕೆ ಅಂತ ಒಬ್ಬರು ನನ್ನ ಬರಹದಲ್ಲಿ ತಿದ್ದಿದರು.

ಕೆರೆದಂಡೆ

ನಂಗೆ ಎರಡೂ ಸರಿ ಅನ್ಸುತ್ತೆ ಆದ್ರೆ ಬೇರೆ ಬೇರೆ ಜಾಗದಲ್ಲಿ. ಒಂದನೇ ಕ್ಲಾಸು, ಒಂದನೇ ತಾರೀಕು, ಒಂದನೇ ವಾರ್ಡು. ಆದ್ರೆ ಮೊದಲ ಮಳೆ, ಮೊದಲ ಸಂಬಳ. "ಒಂದನೇ ಮಳೆ" ಅಂತ ಯಾರಾದ್ರೂ ಅಂದ್ರೆ ಕಿವಿಗೆ ಒಂಥರಾ ಆಗುತ್ತೆ.

ಸುಣ್ಣಬಳಪ

ಸರಿಯಾಗಿ ಹಿಡಿದ್ರಿ. ಒಂದನೇ ಅಂದಾಗ ಮುಂದೆ ಎರಡನೇ ಮೂರನೇ ಅಂತ ನಂಬರ್ ಹಾಕಿದ ಸಾಲು ನಿಂತಿರುತ್ತೆ. ಮೊದಲ ಅಂದಾಗ ಅದಕ್ಕಿಂತ ಮುಂಚೆ ಏನೂ ಇರಲಿಲ್ಲ ಅನ್ನೋದು ಮುಖ್ಯ, ಎರಡನೇದು ಬರದೇನೂ ಇರಬಹುದು. ಮೊದಲನೇ ಅನ್ನೋದು ಎರಡರ ನಡುವೆ ನಿಂತಿದೆ, ಮೊದಲನೇ ಮಗ ಎರಡನೇ ಮಗ ಅಂತ ಸಾಲಾಗಿ ಹೇಳುವಾಗ ಉಳಿದವುಗಳ ಜೊತೆ ಹೊಂದಲಿ ಅಂತ "ನೇ" ಹಾಕಿಕೊಂಡಿದೆ. ಜನ ಇಷ್ಟು ಕಾಲದಿಂದ ಆಡ್ತಾ ಬಂದಿದ್ದನ್ನ ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ, ನಿಮ್ಮ ಬರಹ ತಿದ್ದಿದವರು ದುಡುಕಿದ್ರು. ಆದ್ರೆ ಹತ್ತು ದಾಟಿದ ಮೇಲೆ ಆಯ್ಕೆನೇ ಇಲ್ಲ, ಹನ್ನೊಂದನೇ, ಇಪ್ಪತ್ತೊಂದನೇ ಅಷ್ಟೆ. ಇನ್ನು ಚೊಚ್ಚಲ ಅಂತ ಒಂದಿದೆ, ಅದು ಹೆರಿಗೆಗೆ ಇದ್ದ ಪದ, ಈಗ ಕ್ರಿಕೆಟ್ ಶತಕಕ್ಕೂ ಬಂದಿದೆ.

ಸರ್ಕಾರಿ ಕನ್ನಡ ನೋಡಿ ಬೇಕಾದ್ರೆ, ಒಂದನೇ ತರಗತಿಗೆ ಸೇರಿದ ಮಗು ದ್ವಿತೀಯ ಪಿಯುಸಿ ಪಾಸಾಗಿ ದ್ವಿತೀಯ ದರ್ಜೆ ಸಹಾಯಕ ಆಗುತ್ತೆ. ಹತ್ತನೇ ಕ್ಲಾಸಿನವರೆಗೂ ಕನ್ನಡದ "ನೇ", ಆಮೇಲೆ ಸಂಸ್ಕೃತ. "ಎರಡನೇ ಪಿಯುಸಿ" ಅಂದ್ರೆ ಏನು ಕಡಿಮೆ ಆಗ್ತಿತ್ತು ಅಂತ ನನಗೆ ಇವತ್ತಿಗೂ ಅನ್ಸುತ್ತೆ.

ಹುಬ್ಬಳ್ಳಿ ಹುಡುಗ

ಸಂಸ್ಕೃತದ್ದು ಅಂದ್ರ ನಮ್ಮ ಹಬ್ಬ ಎಲ್ಲಾ ಅದ ಅಲ್ಲೇನ್ರಿ. ಪಾಡ್ಯ ಯುಗಾದಿ, ಬಿದಿಗಿ, ತದಗಿ, ಗಣಪ್ಪನ ಚೌತಿ, ನಾಗರ ಪಂಚಮಿ, ಷಷ್ಠಿ, ರಥಸಪ್ತಮಿ, ಗೋಕುಲಾಷ್ಟಮಿ, ರಾಮನವಮಿ, ವಿಜಯದಶಮಿ, ಏಕಾದಶಿ, ನರಕ ಚತುರ್ದಶಿ. ನಮ್ಮವ್ವ ಸಾಲಿ ಕಲತಿಲ್ಲ, ಆದ್ರ ಹದಿನಾಕರ ತನಕ ಸಂಸ್ಕೃತ ಲೆಕ್ಕ ಹಬ್ಬದಾಗ ಹೇಳತಾಳ.

ಸುಣ್ಣಬಳಪ

ಇದು ನನಗೆ ಯಾವತ್ತೂ ಹೊಳೆದಿರಲಿಲ್ಲಪ್ಪ. ಬಿದಿಗೆ ಅಂದ್ರೆ ದ್ವಿತೀಯಾ ಸವೆದಿದ್ದು, ತದಿಗೆ ತೃತೀಯಾ, ಚೌತಿ ಚತುರ್ಥಿ. ಪಾಠದಲ್ಲಿ ಇದನ್ನೇ ಇಟ್ಕೊಂಡು ಹೇಳ್ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ದೂರದೇಶ

ಅಮೆರಿಕದಿಂದ ಬರೀತಿದೀನಿ, ಇಲ್ಲಿ ನಮ್ಮ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಚಿಕ್ಕ ಮಕ್ಕಳಿಗೆ ಹೇಳ್ಕೊಡ್ತೀನಿ. ಒಂದು ಪದದ ಬಗ್ಗೆ ಹೇಳಲೇಬೇಕು. "ಎಷ್ಟನೇ". ನನ್ನ ಮಗಳಿಗೆ ಎಂಟು ವರ್ಷ, ಅವಳು ಒಂದು ದಿನ ಶಾಲೆಯಿಂದ ಬಂದು "ಅಮ್ಮಾ, ಒಬಾಮ ಎಷ್ಟನೇ ಪ್ರೆಸಿಡೆಂಟ್ ಅಂತ ಟೀಚರ್‌ನ ಕೇಳೋಕೆ ಹೋದೆ, ಇಂಗ್ಲಿಷಲ್ಲಿ ಬರಲೇ ಇಲ್ಲ" ಅಂದ್ಲು. ನಾನೂ ಅವರಪ್ಪನೂ ಕೂತು ಅರ್ಧ ಗಂಟೆ ಪ್ರಯತ್ನ ಪಟ್ವಿ, ಏನೇ ಹೇಳಿದ್ರೂ ಸುತ್ತಿ ಬಳಸಿ ಎರಡು ವಾಕ್ಯ ಆಗುತ್ತೆ. ಕನ್ನಡದಲ್ಲಿ ಒಂದೇ ಪದ. ಪ್ರಶ್ನೆ "ಎಷ್ಟು", ಅದಕ್ಕೆ "ನೇ" ಅಂಟಿಸಿದ್ರೆ ಮುಗೀತು, ಉತ್ತರ "ನಲವತ್ತನಾಲ್ಕನೇ". ಕಂಬಾರರದು ಕನ್ನಡಕ್ಕೆ ಬಂದ ಎಷ್ಟನೇ ಜ್ಞಾನಪೀಠ? ಎಂಟನೇದು. ನೀವು ಮನೆಗೆ ಎಷ್ಟನೇಯವರು? ಮೂರನೇಯವಳು. ಪ್ರಶ್ನೆ ಯಾವ ಆಕಾರದಲ್ಲಿದೆಯೋ ಉತ್ತರನೂ ಅದೇ ಆಕಾರದಲ್ಲಿ ಬಂದು ಕೂರುತ್ತೆ. ಅವತ್ತಿನಿಂದ ನನ್ನ ಮಗಳು ಇಂಗ್ಲಿಷ್ ಮಾತಾಡೋವಾಗಲೂ ಮಧ್ಯೆ "ಎಷ್ಟನೇ" ಅಂತ ಹಾಕ್ತಾಳೆ, ನಾನು ತಿದ್ದಲ್ಲ.

ಒಂದು ಅನುಮಾನ, "ಎರಡನೆಯ" "ಎರಡನೇ" ಯಾವುದು ಬರೆಸಲಿ?

ಸುಣ್ಣಬಳಪ

ಎರಡೂ ಸರಿನಮ್ಮ. "ನೆಯ" ಪೂರ್ತಿ ರೂಪ, ಅದೇ ಎಳೆದು "ನೇ" ಆಗಿದೆ, ಅದಕ್ಕೇ ದೀರ್ಘ. "ಎರಡನೆ" ಅಂತ ಗಿಡ್ಡ ಮಾಡಿ ಬರೆದ್ರೆ ಮಾತ್ರ ಅರ್ಧಕ್ಕೆ ನಿಂತಂಗಾಗುತ್ತೆ. ಮಕ್ಕಳಿಗೆ "ನೇ" ಸಾಕು. "ಎಷ್ಟನೇಯವರು" ಅಂತ ಬರೆದಿದೀರಿ, ಅಲ್ಲಿ ಮಾತ್ರ "ಎಷ್ಟನೆಯವರು" ಅಂತ ಗಿಡ್ಡ ಬರಬೇಕು, ಯ ಹಿಂದೆನೇ ಇದೆಯಲ್ಲ.

ಸರ್ವೆ ನಂಬರ್ ೪೨

ಪೇಪರ್‌ನಲ್ಲಿ ಬರೋ "ಮೂರನೇ ಎರಡರಷ್ಟು ಬಹುಮತ" ನಮ್ಮೂರಲ್ಲಿ ಒಬ್ಬರು ಎರಡರಷ್ಟು ಅಂದ್ರೆ ಡಬಲ್ ಅಂತ ತಿಳ್ಕೊಂಡಿದ್ರು. "ಮೂರರಲ್ಲಿ ಎರಡು ಪಾಲು" ಅಂತ ಬರೆದ್ರೆ ಎಲ್ಲರಿಗೂ ಅರ್ಥ ಆಗಲ್ವಾ? ನಮ್ಮ ವಿಧಾನಸಭೆ 224, ಮೂರರಲ್ಲಿ ಎರಡು ಪಾಲು ಅಂದ್ರೆ 149 ದಾಟಿ ಚಿಲ್ಲರೆ, ಅಂದ್ರೆ 150 ಜನ ಬೇಕು. ಹೀಗೆ ಬಿಡಿಸಿ ಬರೆದ್ರೆ ಯಾರಿಗೂ ಗೊಂದಲ ಇಲ್ಲ.

ಚಿನಿವಾರ

ವೀಸ ಯಾಕೆ ಮರೆತು ಹೋಯ್ತು ಅಂತ ಕೇಳಿದ್ರೆ ನಾನು ಹೇಳೋದು, 1957ರ ಏಪ್ರಿಲ್ 1. ಅವತ್ತು ರೂಪಾಯಿಗೆ 16 ಆಣೆ ಹೋಗಿ 100 ನಯಾಪೈಸೆ ಬಂತು. ಎಂಟಾಣೆಗೆ 50, ನಾಲ್ಕಾಣೆಗೆ 25, ಸರಿಯಾಗಿ ಕೂತ್ಕೊಂಡ್ವು. ಅದಕ್ಕೇ ಎಂಟಾಣೆ ನಾಲ್ಕಾಣೆ ಅನ್ನೋ ಮಾತು ಆಮೇಲೂ ಉಳೀತು, 2011ರಲ್ಲಿ 25 ಪೈಸೆ ನಾಣ್ಯ ನಿಲ್ಲಿಸೋವರೆಗೂ ನಾಲ್ಕಾಣೆ ಅಂತಲೇ ಅಂತಿದ್ವಿ. ಆದ್ರೆ ಒಂದಾಣೆಗೆ ಆರೂಕಾಲು ನಯಾಪೈಸೆ, ಆ ಕಾಲು ಪೈಸೆಗೆ ನಾಣ್ಯನೇ ಇಲ್ಲ. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಅಂತ ಪಟ್ಟಿ ಮಾಡಿದ್ರು. ಅಜ್ಜ ಹೇಳ್ತಿದ್ರು, ಒಂದೊಂದೇ ಆಣೆ ಸಾಮಾನು ತಗೊಂಡೋನಿಗೂ ನಾಲ್ಕಾಣೆದು ಒಟ್ಟಿಗೆ ತಗೊಂಡೋನಿಗೂ ಒಂದು ಪೈಸೆ ವ್ಯತ್ಯಾಸ ಬಂದು ಅಂಗಡಿ ಮುಂದೆ ದಿನಾ ವಾದ ಅಂತ. ನೂರನ್ನ ಎರಡು ಸಲ ಸಮ ಕತ್ತರಿಸಬಹುದು, ಮೂರನೇ ಸಲಕ್ಕೆ ಮುರಿಯುತ್ತೆ. ಮೇಷ್ಟ್ರು ಹೇಳಿದ ನಾಲ್ಕು ಸಲದ ಕತ್ತಿ ಅಲ್ಲಿ ನಡೆಯಲ್ಲ.

ಅಕ್ಷರಪೆಟ್ಟಿಗೆ

ಫಾಂಟ್ ಕೆಲಸ ಮಾಡ್ತೀನಿ. ಬರವಣಿಗೆ ಕಡೆಯಿಂದ ಒಂದು ಮಾತು. ಹಳೇ ಲೆಕ್ಕದ ಪುಸ್ತಕಗಳಲ್ಲಿ ಕಾಲಿಗೆ ಒಂದು ನಿಂತ ಗೀಟು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. ೧|| ಅಂದ್ರೆ ಒಂದೂವರೆ, ೨||| ಅಂದ್ರೆ ಎರಡೂಮುಕ್ಕಾಲು. ವೀಸಕ್ಕೆ ಓರೆ ಗೀಟು, ಎರಡು ವೀಸಕ್ಕೆ ಎರಡು ಓರೆ, ಮೂರಕ್ಕೆ ಮೂರು. ನಾಲ್ಕಾದ್ರೆ ಒಂದು ನಿಂತ ಗೀಟಾಗುತ್ತೆ.

ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ಗೆ ಎಲ್ಲ ಲಿಪಿಗಳ ಅಕ್ಷರ ಪಟ್ಟಿ ಮಾಡಿರೋ ವ್ಯವಸ್ಥೆ) ತೆಲುಗಿಗೆ ಅದರ ಬ್ಲಾಕ್ ಒಳಗೇ, ಅಂದ್ರೆ ಆ ಲಿಪಿಗೆ ಮೀಸಲಿಟ್ಟ ಜಾಗದಲ್ಲೇ, ಭಿನ್ನರಾಶಿ ಗುರುತುಗಳಿವೆ. ಮಲಯಾಳಕ್ಕೆ ಕಾಲು ಅರ್ಧ ಮುಕ್ಕಾಲು ಇದ್ದು 2016ರಲ್ಲಿ ಇನ್ನೂ ಚಿಕ್ಕವು ಸೇರಿದ್ವು. ತಮಿಳಿಗೆ 2019ರಲ್ಲಿ 12ನೇ ಆವೃತ್ತಿಯಲ್ಲಿ ಸೇರಿದ್ವು, ಅವರಲ್ಲಿ 320ರಲ್ಲಿ ಒಂದಕ್ಕೂ ಒಂದು ಅಕ್ಷರ ಇದೆ, ಮುಂದಿರಿ ಅಂತಾರೆ. ನಮ್ಮ ಗೀಟುಗಳು ಕನ್ನಡ ಬ್ಲಾಕ್ ಒಳಗಿಲ್ಲ, 2009ರಲ್ಲಿ ಬಂದ, ಭಾರತದ ಹಲವು ಲಿಪಿಗಳಿಗೆ ಸಾಮಾನ್ಯವಾದ ಬ್ಲಾಕ್ ಒಂದಿದೆ, ಅದರಿಂದ ತಗೋಬೇಕು. ಕನ್ನಡ ಫಾಂಟ್ ಮಾಡೋರು ಅವನ್ನ ಸೇರಿಸ್ಕೊಂಡ್ರೆ ಹಳೇ ಕಡತ ಟೈಪ್ ಮಾಡೋರಿಗೆ ಬಹಳ ಅನುಕೂಲ, ನಾನು ನನ್ನದರಲ್ಲಿ ಸೇರಿಸ್ತಿದೀನಿ.

ಸುಣ್ಣಬಳಪ

ಕಡತ ಅಂದಿದ್ದಕ್ಕೆ ಒಂದು ಸೇರಿಸ್ತೀನಿ. ಶಾಸನಗಳಲ್ಲೂ ವೀಸ ಬರುತ್ತೆ, ದತ್ತಿ ಬಿಟ್ಟಾಗ ಇಷ್ಟು ಗದ್ಯಾಣ, ಇಷ್ಟು ಹಣ, ಹಾಗ, ವೀಸ ಅಂತ, ಎಲ್ಲ ಆ ಕಾಲದ ನಾಣ್ಯದ ಲೆಕ್ಕ. ಹಾಗ ಅಂದ್ರೆ ಹಣದ ಕಾಲು ಭಾಗ, ವೀಸ ಹದಿನಾರರಲ್ಲಿ ಒಂದು. ಇನ್ನು ಗಣಿತಜ್ಞ ಮಹಾವೀರಾಚಾರ್ಯರು, ರಾಷ್ಟ್ರಕೂಟ ಅಮೋಘವರ್ಷನ ಕಾಲದವರು, ಒಂಬತ್ತನೇ ಶತಮಾನ. ಪೂರ್ತಿ ಒಂದನ್ನ ಬೇರೆ ಬೇರೆ ಅಳತೆಯ ಪಾಲುಗಳಾಗಿ ಒಡೆಯೋ ದಾರಿ ಅವರು ಕೊಟ್ಟಿದ್ದಾರೆ. ಮೂರು ಪಾಲು ಬೇಕಾದ್ರೆ ಅರ್ಧ, ಮೂರನೇ ಒಂದು, ಆರನೇ ಒಂದು. ನಾಲ್ಕು ಬೇಕಾದ್ರೆ ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು, ಹದಿನೆಂಟನೇ ಒಂದು. ಹದಿನೆಂಟು ಕಡ್ಡಿ ಇಟ್ಕೊಂಡು 9, 6, 2, 1 ಅಂತ ಎಣಿಸಿ ನೋಡಿ, ಒಂದೂ ಉಳಿಯಲ್ಲ. ಭಿನ್ನರಾಶಿಯ ಆ ಪ್ರಕರಣಕ್ಕೆ ಅವರು ಇಟ್ಟ ಹೆಸರು ಕಲಾಸವರ್ಣ, ಮತ್ತೆ ಕಲಾ ಅಂದ್ರೆ ಚಂದ್ರನ ಹದಿನಾರು ಕಲೆ ಅಂತೀವಲ್ಲ, ಅದೇ ಹದಿನಾರನೇ ಒಂದು.

ಕೆರೆದಂಡೆ

ಈ ವಾರ ಮತ್ತೆ ಊರಿಗೆ ಬಂದಿದೀನಿ, ಇಲ್ಲಿಂದಲೇ ಬರೀತಿದೀನಿ. ಅಕ್ಷರಪೆಟ್ಟಿಗೆ ಅವರು ಗೀಟಿನ ಬಗ್ಗೆ ಬರೆದಿದ್ದನ್ನ ಅಜ್ಜಿಗೆ ಓದಿ ಹೇಳಿದೆ, ಅವರು ಏನೂ ಮಾತಾಡದೆ ಎದ್ದು ಹೋಗಿ ದೇವರ ಮನೆ ಅಟ್ಟದ ಮೇಲಿಂದ ಒಂದು ಉದ್ದದ ಪುಸ್ತಕ ಇಳಿಸಿದ್ರು, ಕೆಂಪು ಬಟ್ಟೆ ರಟ್ಟು, ಅವರಪ್ಪನ ಕೊಬ್ಬರಿ ವ್ಯಾಪಾರದ ಲೆಕ್ಕ. ಅಂಚೆಲ್ಲ ಇಲಿ ತಿಂದಿದೆ ಆದ್ರೆ ಮಸಿ ಇನ್ನೂ ಕಪ್ಪಗಿದೆ. ಒಂದು ಸಾಲಿನಲ್ಲಿ "ಗಾಡಿ ಬಾಡಿಗೆ" ಅಂತ ಇದೆ, ಮುಂದೆ ೪, ಆಮೇಲೆ ಮೂರು ನಿಂತ ಗೀಟು, ಅದರ ಪಕ್ಕ ಮೂರು ಓರೆ ಗೀಟು. ನಾನು ಬೆರಳಿಟ್ಟು ಒಂದೊಂದೇ ಗೀಟು ಓದ್ತಾ ಹೋದೆ, ನಾಲ್ಕು ರೂಪಾಯಿ, ಮುಕ್ಕಾಲು, ಮೂರು ವೀಸ. ಅಜ್ಜಿ ಪಕ್ಕದಲ್ಲಿ ಕೂತು "ನಾಕು ರೂಪಾಯಿ ಹದಿನೈದಾಣೆ" ಅಂದ್ರು. ಗಾಡಿಯವನಿಗೆ ಐದು ರೂಪಾಯಿ ಕೊಟ್ಟಿದ್ರಂತೆ, ಉಳಿದ ಒಂದಾಣೆಗೆ ಇವರಿಗೆ ಕಡಲೆಪುರಿ ತಂದಿದ್ರಂತೆ. ಅದೂ ಕೆಳಗಿನ ಸಾಲಿನಲ್ಲಿ ಬರೆದಿದೆ, ಒಂದೇ ಒಂದು ಓರೆ ಗೀಟು, ಮುಂದೆ ಅಜ್ಜಿ ಹೆಸರು.